ಕಿಟ್ ಹೇಳಿದ ಅಪ್ಪ, ಬೆಳೆಸಿದ ಅಪ್ಪ

ಡಿಎನ್‌ಎ ಕಿಟ್ಟಿನ ಕೊಳವೆಗೆ ಉಗುಳು ತುಂಬಿ ಕಳಿಸಿ, ಕೆಲವು ವಾರ ಬಿಟ್ಟು ಮೊಬೈಲ್ ತೆರೆದಾಗ ಅಪ್ಪನ ಜಾಗದಲ್ಲಿ ಬೇರೆ ಯಾರದೋ ಹೆಸರು ಕಂಡವರಿಗಾಗಿ ಈ ಮಾತುಗಳು. ಅಮೆರಿಕದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಈ ಕಿಟ್ ಥ್ಯಾಂಕ್ಸ್‌ಗಿವಿಂಗ್ ಸೇಲಿನಲ್ಲಿ ಕೊಳ್ಳುವ ಇನ್ನೊಂದು ಉಡುಗೊರೆ ಅಷ್ಟೇ. 2019ರಲ್ಲಿ ಪ್ಯೂ ಸಂಶೋಧನಾ ಸಂಸ್ಥೆ ಸಮೀಕ್ಷೆ ಮಾಡಿದಾಗ ಅಲ್ಲಿನ ವಯಸ್ಕರಲ್ಲಿ ಶೇ. 15 ಮಂದಿ ಇಂಥ ಪರೀಕ್ಷೆ ಮಾಡಿಸಿಕೊಂಡಿದ್ದರು. ಹಾಗೆ ಮಾಡಿಸಿಕೊಂಡವರಲ್ಲಿ ಶೇ. 27 ಮಂದಿಗೆ ತಮಗೆ ಗೊತ್ತೇ ಇರದ ಹತ್ತಿರದ ನಂಟರು ಸಿಕ್ಕಿದ್ದರು. ಅಂದರೆ ನೀನು ಒಂಟಿಯಲ್ಲ, ಮಗು.

ನ್ಯೂಜೆರ್ಸಿಯ ಆಸ್ಪತ್ರೆಯೊಂದರ ಹೆರಿಗೆ ವಿಭಾಗದಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು ನಾನು. ಕನ್ನಡ ಕೂಟದ ಮಕ್ಕಳಿಗೆಲ್ಲ ದೊಡ್ಡಮ್ಮ. ಯುಗಾದಿ ಊಟ ಮುಗಿದು ಪಾತ್ರೆ ಎತ್ತುವ ಹೊತ್ತಿಗೆ “ದೊಡ್ಡಮ್ಮ, ಒಂದು ನಿಮಿಷ” ಅಂತ ಪಕ್ಕಕ್ಕೆ ಕರೆದವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ನಿನ್ನ ಮನೆಗೆ ಹೊಂದದ್ದನ್ನು ಬಿಟ್ಟುಬಿಡು.

• ಮೊದಲ ದಿನ ಯಾರಿಗೂ ಏನೂ ಟೈಪ್ ಮಾಡಬೇಡ. ಫ್ಯಾಮಿಲಿ ವಾಟ್ಸಾಪ್ ಗುಂಪಿಗಂತೂ ಬೇಡವೇ ಬೇಡ. ಆದರೆ ಆ ನಂಟಿನ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೋ. ಹೆಸರು, ಸೆಂಟಿಮಾರ್ಗನ್ (ಇಬ್ಬರಲ್ಲೂ ಒಂದೇ ಆಗಿರುವ ಡಿಎನ್‌ಎಯ ಅಳತೆ) ಎಷ್ಟು, ನಿಮ್ಮಿಬ್ಬರಿಗೂ ನಂಟರಾಗಿ ಕಾಣುವ ಬೇರೆಯವರು ಯಾರು, ಎಲ್ಲ ಇರಲಿ. ಆ ಕಡೆಯವರೂ ಇದನ್ನೇ ನೋಡಿ ಗಾಬರಿಬಿದ್ದು ಖಾತೆ ಮುಚ್ಚಿದರೆ ಆಮೇಲೆ ನಿನಗೆ ಏನೂ ಕಾಣುವುದಿಲ್ಲ.

• ಬಣ್ಣದ ನಕ್ಷೆ ನೋಡಿ ಅಳಬೇಡ. “ನಮ್ಮಪ್ಪ ಧಾರವಾಡದವರು, ನನಗೆ ಗುಜರಾತಿನ ಪಾಲು ತೋರಿಸುತ್ತಿದೆ” ಅಂತ ಹೆದರಿ ಬಂದವರಿದ್ದಾರೆ. ಆ ಶೇಕಡಾ ಲೆಕ್ಕವೆಲ್ಲ ಕಂಪನಿಯ ಹತ್ತಿರ ಇರುವ ಮಾದರಿಗಳ ಜೊತೆ ಹೋಲಿಸಿ ಹಾಕಿದ ಅಂದಾಜು. ಮಾದರಿ ಹೆಚ್ಚಿದ ಹಾಗೆ ಅಂದಾಜೂ ಬದಲಾಗುತ್ತದೆ. ನಮ್ಮ ದೇಶದವರ ಮಾದರಿಗಳು ಅವರಲ್ಲಿ ಕಡಿಮೆ.

ನೋಡಬೇಕಾದ್ದು ಸೆಂಟಿಮಾರ್ಗನ್. ಹೆತ್ತವರಿಗೂ ಮಗುವಿಗೂ ನಡುವೆ ಅದು ಸುಮಾರು 3,400ರಿಂದ 3,500. ಒಡಹುಟ್ಟಿದವರಲ್ಲಿ 2,600ರ ಆಸುಪಾಸು. ಅಪ್ಪ ಅಥವಾ ಅಮ್ಮ ಒಬ್ಬರೇ, ಇನ್ನೊಬ್ಬರು ಬೇರೆ ಎಂದಾದರೆ ಸರಾಸರಿ 1,750. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳಲ್ಲಿ 870ರ ಹತ್ತಿರ. ಈ 1,750 ಇದೆಯಲ್ಲ, ಅದು ಅಜ್ಜ-ಮೊಮ್ಮಗನಿಗೂ ಬರುತ್ತದೆ, ಸೋದರತ್ತೆ-ಸೋದರಸೊಸೆಗೂ ಬರುತ್ತದೆ. ಅಲ್ಲಿ ವಯಸ್ಸು ನೋಡಿ ತೀರ್ಮಾನಿಸಬೇಕು. ತಂಗಿಯ ಜೊತೆ 1,750 ಮಾತ್ರ ಬಂದಿದ್ದರೆ ನಿಮ್ಮಿಬ್ಬರಲ್ಲಿ ಒಬ್ಬರ ಅಪ್ಪನೋ ಅಮ್ಮನೋ ಬೇರೆ. ಯಾರ ಕಡೆಯದು ವ್ಯತ್ಯಾಸ ಎಂದು ಆ ಸಂಖ್ಯೆಯೊಂದೇ ಹೇಳುವುದಿಲ್ಲ. ಹಾಗಾಗಿ ತಂಗಿಯನ್ನು ಮರುಕದಿಂದ ನೋಡುವ ಮೊದಲು ನಿಲ್ಲು, ವ್ಯತ್ಯಾಸ ನಿನ್ನದೇ ಇರಬಹುದು.

• ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ, ಅಮೆರಿಕದ ಪುಸ್ತಕಗಳಲ್ಲಿ ಅದು ಅಷ್ಟಾಗಿ ಸಿಗುವುದಿಲ್ಲ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ನಮ್ಮಲ್ಲಿ ತಲೆಮಾರುಗಳಿಂದ ನಡೆದುಬಂದದ್ದು. ನಿನ್ನಮ್ಮ ತನ್ನ ಸೋದರಮಾವನನ್ನೇ ಮದುವೆಯಾಗಿದ್ದರೆ ಚಿಕ್ಕಮ್ಮನಿಗೂ ನಿನಗೂ ಎರಡು ದಾರಿಯಲ್ಲಿ ನಂಟು. ಅಮ್ಮನ ಕಡೆಯಿಂದ ಕಾಲುಭಾಗ, ಜೊತೆಗೆ ಅಪ್ಪನ ಕಡೆಯಿಂದ ಇನ್ನೊಂದು ಅರೆಕಾಲು. ಕಿಟ್ಟಿಗೆ ನಮ್ಮ ಮದುವೆಮನೆಯ ಲೆಕ್ಕ ಗೊತ್ತಿಲ್ಲ, ಅದು ಚಿಕ್ಕಮ್ಮನನ್ನು ಇನ್ನೂ ಹತ್ತಿರದವಳೆಂದು ತೋರಿಸುತ್ತದೆ. ದೂರದ ದಾಯಾದಿಯೂ ಹಾಗೆಯೇ ಹತ್ತಿರ ಬಂದು ಕೂರುತ್ತಾನೆ.

ಆದರೆ ಇದನ್ನೇ ಹಿಡಿದುಕೊಂಡು ನಿನಗೆ ನೀನೇ ಸಮಾಧಾನ ಹೇಳಿಕೊಳ್ಳಬೇಡ. ಒಳಮದುವೆ ನಂಟನ್ನು ಹೆಚ್ಚು ಮಾಡಿ ತೋರಿಸಬಲ್ಲದು, ಇರುವ ನಂಟನ್ನು ಅಳಿಸಲಾರದು. ಅಪ್ಪನೂ ಅದೇ ಕಂಪನಿಗೆ ಉಗುಳು ಕೊಟ್ಟಿದ್ದು, ಇಬ್ಬರೂ ನಂಟರ ಪಟ್ಟಿ ತೆರೆದಿಟ್ಟಿದ್ದು, ನಿನ್ನ ಪಟ್ಟಿಯಲ್ಲಿ ಅವರು ಇಲ್ಲವೆಂದರೆ ಅದಕ್ಕೆ ಸೋದರಮಾವನ ಮದುವೆ ಕಾರಣವಲ್ಲ.

• ಇನ್ನೊಂದು ಕಂಪನಿಯಲ್ಲಿ ಮತ್ತೊಮ್ಮೆ ಮಾಡಿಸು. ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ಉಗುಳಿ ಡಬ್ಬಿ ಕಟ್ಟಿದಾಗ ಕೊಳವೆ ಅದಲುಬದಲಾಗುವುದುಂಟು. ಯಾರಿಗಾದರೂ ಬೇರೆಯವರ ಅಸ್ಥಿಮಜ್ಜೆ ಕಸಿ ಆಗಿದ್ದರೆ ಅವರ ಉಗುಳಿನಲ್ಲಿ ಕೊಟ್ಟವರ ಡಿಎನ್‌ಎ ಕಾಣಬಹುದು. ಎರಡನೆಯ ಸಲವೂ ಅದೇ ಬಂದರೆ ಒಪ್ಪಿಕೋ. ಮೂರನೆಯ ಕಿಟ್ ತರಿಸಬೇಡ.

• ಮನಸ್ಸು ಮೊದಲು ಅಮ್ಮನ ನಡತೆಯ ಕಡೆಗೇ ಓಡುತ್ತದೆ. ಅದನ್ನು ತಡೆ. ಈ ಒಂದು ಮಾತನ್ನು ಹೇಳಲೆಂದೇ ಉಳಿದದ್ದನ್ನೆಲ್ಲ ಬರೆದೆ ಅಂದರೂ ಆದೀತು.

ದಾನಿಯ ವೀರ್ಯದಿಂದ ಬಸಿರು ಕೂಡಿಸುವುದು ಹಳೆಯ ಚಿಕಿತ್ಸೆ. 1884ರಲ್ಲಿ ಫಿಲಡೆಲ್ಫಿಯಾದ ವೈದ್ಯ ವಿಲಿಯಂ ಪ್ಯಾನ್‌ಕೋಸ್ಟ್ ಹೆಂಗಸೊಬ್ಬಳಿಗೆ ಮತ್ತು ಬರಿಸಿ, ತನ್ನ ವಿದ್ಯಾರ್ಥಿಯೊಬ್ಬನ ವೀರ್ಯವನ್ನು ಒಳಗೆ ಸೇರಿಸಿದ. ಗಂಡನಿಗೆ ಆಮೇಲೆ ತಿಳಿಸಿದರು, ಅವಳಿಗೆ ತಿಳಿಸಲೇ ಇಲ್ಲ. ವಿಷಯ ಹೊರಬಿದ್ದದ್ದು 1909ರಲ್ಲಿ. ಆ ನಂತರವೂ ಗುಟ್ಟೇ ಪದ್ಧತಿಯಾಯಿತು. ಗಂಡನ ವೀರ್ಯದ ಜೊತೆ ದಾನಿಯದನ್ನು ಬೆರೆಸಿ, “ಯಾರದೋ ಏನೋ, ನಿಮ್ಮದೇ ಇರಬಹುದು” ಎಂದು ಕಳಿಸುತ್ತಿದ್ದ ಚಿಕಿತ್ಸಾಲಯಗಳಿದ್ದವು. ಅಮೆರಿಕದ ಲೇಖಕಿ ಡ್ಯಾನಿ ಶಪೀರೋಗೆ ತನ್ನ ಹುಟ್ಟು ಇಂಥದ್ದು ಎಂದು ತಿಳಿದದ್ದು 54ನೆಯ ವಯಸ್ಸಿನಲ್ಲಿ, ಇದೇ ಥರದ ಕಿಟ್ಟಿನಿಂದ. ಅಷ್ಟರಲ್ಲಿ ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ. 2019ರಲ್ಲಿ ಅವಳು ಬರೆದ ‘ಇನ್‌ಹೆರಿಟೆನ್ಸ್’ ಎಂಬ ಪುಸ್ತಕ ಸಿಕ್ಕರೆ ಓದು. ಇನ್ನೂ ಹೇಸಿಗೆಯ ಕಥೆಯೂ ಇದೆ. ಇಂಡಿಯಾನಾಪೊಲಿಸ್‌ನ ಡೊನಾಲ್ಡ್ ಕ್ಲೈನ್ ಎಂಬ ವೈದ್ಯ ರೋಗಿಗಳಿಗೆ ಹೇಳದೆ ತನ್ನದೇ ವೀರ್ಯ ಬಳಸಿದ್ದ. ಅವನಿಗೆ ಹುಟ್ಟಿದವರು ಒಬ್ಬರನ್ನೊಬ್ಬರು ಕಂಡುಕೊಂಡದ್ದು ಈ ಕಿಟ್‌ಗಳಿಂದಲೇ. 2019ರಲ್ಲಿ ಇಂಡಿಯಾನಾ ರಾಜ್ಯ ಇದನ್ನು ಅಪರಾಧವೆಂದು ಕಾನೂನು ಮಾಡಿತು. ಹೀಗೆ ಮೋಸಹೋದ ತಾಯಿಗೆ ತನ್ನ ಮಗುವಿನ ಹುಟ್ಟು ಗೊತ್ತಿರುವುದಿಲ್ಲ. ಅವಳನ್ನು ಏನೆಂದು ಕೇಳುತ್ತೀಯೆ?

ನಮ್ಮ ದೇಶದಲ್ಲಿ ಇಂಥ ಚಿಕಿತ್ಸೆಗಳಿಗೊಂದು ಕಾಯ್ದೆ ಬಂದದ್ದು 2021ರಲ್ಲಿ. ಅದಕ್ಕಿಂತ ಮುಂಚೆ, ಮದುವೆಯಾಗಿ ಏಳೆಂಟು ವರ್ಷ ಮಕ್ಕಳಾಗದೆ, ಅತ್ತೆಮನೆಯಲ್ಲಿ ಚುಚ್ಚುಮಾತು ಕೇಳಿ ಕೇಳಿ, ಹರಕೆ ಹೊತ್ತು, ಕೊನೆಗೆ ಗಂಡನ ಜೊತೆ ಯಾರಿಗೂ ಹೇಳದೆ ಬೆಂಗಳೂರಿಗೋ ಮದರಾಸಿಗೋ ಬಸ್ಸು ಹತ್ತಿದ ಹೆಣ್ಣುಮಕ್ಕಳ ಸಂಕಟ ನಿನಗೆ ತಿಳಿದಿರಲಾರದು. ದೋಷ ಗಂಡನಲ್ಲಿದ್ದರೂ ಬಂಜೆ ಎನ್ನಿಸಿಕೊಂಡವಳು ಅವಳು. ಗಂಡನ ಮರ್ಯಾದೆ ಉಳಿಸಲು ಬಾಯಿ ಮುಚ್ಚಿಕೊಂಡವಳೂ ಅವಳೇ.

ನಮ್ಮ ಮನೆಗಳಲ್ಲಿ ಇನ್ನೊಂದು ರೂಢಿಯುಂಟು. ಅಕ್ಕನ ನಾಲ್ಕನೆಯ ಮಗುವನ್ನು ಮಕ್ಕಳಿಲ್ಲದ ತಂಗಿಯ ಮಡಿಲಿಗೆ ಹಾಕುವುದು. ಕಾಗದವಿಲ್ಲ, ಪತ್ರವಿಲ್ಲ. ಆಗ ಅಮ್ಮನೆಂದುಕೊಂಡವಳು ಕಿಟ್ಟಿನಲ್ಲಿ ಚಿಕ್ಕಮ್ಮನಾಗಿಯೂ, ಬೇಸಿಗೆ ರಜೆಯಲ್ಲಿ ಜೊತೆಗೆ ಆಡಿದವರು ಒಡಹುಟ್ಟಿದವರಾಗಿಯೂ ಕಾಣುತ್ತಾರೆ.

ಇನ್ನು ಮದುವೆಯಾಚೆಗಿನ ಸಂಬಂಧ. ಅದೂ ಇರಬಹುದು. ಆದರೆ ಜನ ಕಟ್ಟೆಯ ಮೇಲೆ ಕೂತು ಹತ್ತಕ್ಕೊಂದು ಮಗು ಹಾಗೆ ಎಂದು ಉಡಾಫೆಯಾಗಿ ಹೇಳುವುದಕ್ಕೆ ಆಧಾರವಿಲ್ಲ. ಬೆಲ್ಜಿಯಂನ ಮಾರ್ಟನ್ ಲಾರ್‌ಮ್ಯೂಸೋ ಮತ್ತು ಸಂಗಡಿಗರು ಆ ಸೀಮೆಯ ಸುಮಾರು 500 ವರ್ಷಗಳ ವಂಶಾವಳಿಯನ್ನು ಅಪ್ಪನಿಂದ ಮಗನಿಗೆ ಬರುವ ವೈ ಕ್ರೋಮೋಸೋಮಿನ ಜೊತೆ ತಾಳೆ ನೋಡಿದಾಗ ತಲೆಮಾರಿಗೆ ಶೇ. 1ರಿಂದ 2ರ ಆಸುಪಾಸು ಮಾತ್ರ ಸಿಕ್ಕಿತು. ಕೊನೆಯದಾಗಿ, ಬಲಾತ್ಕಾರ. ನಲವತ್ತು ವರ್ಷ ಒಬ್ಬರಿಗೂ ಹೇಳದೆ ಬದುಕಿದವಳ ಮುಂದೆ ಮೊಬೈಲ್ ಹಿಡಿದು “ಇದೇನಿದು?” ಅನ್ನಬೇಡ.

• ನಿನಗೆ ಯಾರಾದರೂ ಕರ್ಣನ ಕಥೆ ಹೇಳುತ್ತಾರೆ. ಹೇಳಲಿ. ಆ ಕಥೆಯಲ್ಲಿ ನಾನು ಗಮನಿಸುವುದು ಒಂದನ್ನೇ. ಹುಟ್ಟಿನ ಗುಟ್ಟನ್ನು ಅವನಿಗೆ ಹೇಳಿದ ಕೃಷ್ಣನಿಗೂ ಕುಂತಿಗೂ ಆ ಗಳಿಗೆಯಲ್ಲಿ ಅವನಿಂದ ಏನೋ ಆಗಬೇಕಿತ್ತು. ನಿನಗೆ ಗುಟ್ಟು ಹೇಳಲು ಬಂದ ನೆಂಟರಿಗೆ ಏನು ಬೇಕಾಗಿದೆ ಎಂದು ನೋಡು. ಆಸ್ತಿಯ ತಗಾದೆ ಇರುವ ಮನೆಯಾದರೆ ಎರಡು ಸಲ ನೋಡು.

• ಅಮ್ಮನನ್ನು ಕೇಳುವ ಬಗೆ. ಅಮ್ಮ ಮೈಸೂರಿನಲ್ಲಿ, ನೀನು ಟೆಕ್ಸಾಸಿನಲ್ಲಿ ಇದ್ದರೆ ವಿಡಿಯೋ ಕಾಲಿನಲ್ಲಿ ಬೇಡ. ಅವಳ ಹಿಂದೆ ಸೊಸೆ ಓಡಾಡುತ್ತಿರುತ್ತಾಳೆ, ಅಡುಗೆಯವಳು ಇರುತ್ತಾಳೆ, ಪಕ್ಕದ ಕೋಣೆಯಲ್ಲಿ ಅಪ್ಪ ಟಿವಿ ನೋಡುತ್ತಿರುತ್ತಾರೆ. ಎದುರಿಗೆ ಸಿಕ್ಕಾಗ, ಇಬ್ಬರೇ ಇರುವಾಗ ಕೇಳು. ಬೇಸಿಗೆಗೆ ಅವರು ಇಲ್ಲಿಗೆ ಬರುವವರಿದ್ದರೆ ಅಲ್ಲಿಯವರೆಗೆ ತಡೆ. ಬಂದ ಮೊದಲ ವಾರವೇ ಬೇಡ, ಹೊರಡುವ ಹಿಂದಿನ ರಾತ್ರಿಯೂ ಬೇಡ. ಕೇಳಿದ ಮೇಲೆ ಒಟ್ಟಿಗಿರಲು ನಾಲ್ಕು ದಿನವಾದರೂ ಉಳಿದಿರಬೇಕು.

“ನೀನು ಸುಳ್ಳು ಹೇಳಿದೆ” ಎಂದು ಶುರುಮಾಡಿದರೆ ಬಾಗಿಲು ಮುಚ್ಚಿಹೋಗುತ್ತದೆ. “ಅಮ್ಮಾ, ಆ ಉಗುಳಿನ ಪರೀಕ್ಷೆಯಲ್ಲಿ ಹೀಗೆ ಬಂತು. ನನಗೆ ನಿನ್ನ ಮೇಲೆ ಕೋಪವಿಲ್ಲ, ಗೊತ್ತಾದರೆ ಸಾಕು” ಎನ್ನಬಹುದು. ಕೋಪ ಇದ್ದರೆ ಇಲ್ಲವೆನ್ನಬೇಡ. “ಕೋಪ ಇದೆ, ಆದರೂ ನಿನ್ನ ಮಾತು ಕೇಳಬೇಕು” ಅನ್ನು. ಮೊದಲ ಸಲ “ಆ ಕಂಪನಿಯವರು ಕಳ್ಳರು” ಅನ್ನುತ್ತಾಳೆ. ಹೆಚ್ಚುಕಡಿಮೆ ಎಲ್ಲ ಅಮ್ಮಂದಿರೂ ಹಾಗೆಯೇ. ವಾದಿಸಬೇಡ, “ಹೇಳಬೇಕೆನ್ನಿಸಿದಾಗ ಹೇಳಮ್ಮ” ಎಂದು ಎದ್ದು ಕಾಫಿ ಮಾಡಿ ತಾ. ಕೆಲವರು ಮೂರನೆಯ ದಿನ ಹೇಳುತ್ತಾರೆ. ಕೆಲವರು ಹೇಳದೆಯೇ ಹೋಗುತ್ತಾರೆ. ಅರಳುಮರಳು ಬಂದವರನ್ನು, ಹಾಸಿಗೆ ಹಿಡಿದವರನ್ನು ಕೇಳಲೇಬೇಡ. ಅವರ ಬದಲು ಅವರ ವಯಸ್ಸಿನ ಗೆಳತಿಯನ್ನೋ ಚಿಕ್ಕಮ್ಮನನ್ನೋ ನಯವಾಗಿ ವಿಚಾರಿಸು.

• ಅಪ್ಪನಿಗೆ ಹೇಳುವವಳು ಅಮ್ಮನಾಗಲಿ, ನೀನಲ್ಲ. ಅಪ್ಪನಿಗೆ ಎಲ್ಲವೂ ಮೊದಲಿನಿಂದ ಗೊತ್ತಿದ್ದಿರಬಹುದು. ಗೊತ್ತಿದ್ದೂ ಶಾಲೆಯ ಫೀಸು ಕಟ್ಟಿ, ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ಡಾಕ್ಟರ ಮನೆ ಬಾಗಿಲು ತಟ್ಟಿದ್ದರೆ ಆ ಮನುಷ್ಯನ ಬಗ್ಗೆ ನಿನಗೆ ಇವತ್ತೇ ಹೊಸದೊಂದು ಸಂಗತಿ ತಿಳಿದ ಹಾಗಾಯಿತು. ಗೊತ್ತಿಲ್ಲದಿದ್ದರೆ ಅಮ್ಮನಿಗೆ ಸಮಯ ಕೊಡು. ಆದರೆ ಅವಳು “ನಾನು ಸಾಯುವ ತನಕ ಬಾಯಿ ಬಿಡಬೇಡ” ಎಂದು ಆಣೆ ಹಾಕಿಸಿಕೊಳ್ಳಲು ಬಂದರೆ ತಲೆ ಅಲ್ಲಾಡಿಸಬೇಡ. ನಿನ್ನ ಹುಟ್ಟಿನ ವಿಷಯವನ್ನು ಗಂಡನಿಗೋ ಹೆಂಡತಿಗೋ ವೈದ್ಯರಿಗೋ ಹೇಳುವ ಹಕ್ಕು ನಿನ್ನದು. ಅಮ್ಮನ ಕಥೆಯನ್ನು ಊರಿಗೆ ಸಾರುವ ಹಕ್ಕು ನಿನ್ನದಲ್ಲ. ಇವೆರಡರ ನಡುವಿನ ಗೆರೆ ತೆಳುವಾದದ್ದು, ನಿಜ. ಅಣ್ಣತಂಗಿಯರಿಗೆ ಹೇಳುವುದು ಆ ಗೆರೆಯ ಮೇಲೇ ಬರುತ್ತದೆ. ಅಮ್ಮನಿಗೆ ಮೊದಲೇ ತಿಳಿಸಿ ಆಮೇಲೆ ಹೇಳು ಅನ್ನುವುದು ನನ್ನ ಅಭಿಪ್ರಾಯ.

• ಹೊಸ ನಂಟರಿಗೆ ಬರೆಯುವುದಾದರೆ ಐದಾರು ಸಾಲು ಸಾಕು. ನೀನು ಯಾರು, ಕಿಟ್ಟಿನಲ್ಲಿ ಏನು ಕಂಡಿತು, ನಿನಗೆ ದುಡ್ಡು ಆಸ್ತಿ ಏನೂ ಬೇಡ, ಮನೆತನದ ಕಾಯಿಲೆಗಳ ವಿವರ ಸಿಕ್ಕರೆ ಉಪಕಾರ, ಉತ್ತರಿಸುವುದು ಬಿಡುವುದು ಅವರ ಇಷ್ಟ. “ಅಪ್ಪಾ” ಎಂದು ಸಂಬೋಧಿಸಬೇಡ. ಫೇಸ್‌ಬುಕ್ ಗೋಡೆಯ ಮೇಲೆ, ಆತನ ಹೆಂಡತಿಯ ಇನ್‌ಬಾಕ್ಸಿನಲ್ಲಿ, ಆಫೀಸಿನ ಇಮೇಲಿನಲ್ಲಿ ಬೇಡ. ಕೆಲವು ತಿಂಗಳು ಉತ್ತರ ಬರದಿದ್ದರೆ ಇನ್ನೊಂದೇ ಒಂದು ಸಲ ಬರೆ. ಆಮೇಲೂ ಮೌನವಾದರೆ ಬಿಡು, ಮನೆ ಬಾಗಿಲಿಗೆ ಹೋಗಿ ನಿಲ್ಲಬೇಡ. ದಾನಿಗೆ ಹುಟ್ಟಿದ ಇತರ ಮಕ್ಕಳು ಸಿಕ್ಕರೆ ಅವರ ಜೊತೆ ಮಾತು ಬೇಗ ಕೂಡುತ್ತದೆ. ಏಕೆಂದರೆ ಅವರೂ ನಿನ್ನ ಹಾಗೆಯೇ ಒಂದು ಬೆಳಗ್ಗೆ ಎದ್ದು ಬೆಚ್ಚಿದವರು.

• ಭಾರತದಿಂದ ದತ್ತು ಹೋದ ಮಕ್ಕಳಿಗೆ ಬೇರೆ ದಾರಿಯಿದೆ. ಮೂಲ ಹುಡುಕುವ ಅವಕಾಶ ನಮ್ಮ ದತ್ತು ನಿಯಮಗಳಲ್ಲೇ ಇದೆ. ದೆಹಲಿಯ ಕಾರಾ (ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ) ಮೂಲಕವೋ ಕೊಟ್ಟ ಸಂಸ್ಥೆಯ ಮೂಲಕವೋ ಕೇಳಬಹುದು. ಹೆತ್ತವಳ ಗೋಪ್ಯತೆ ಕಾಪಾಡಬೇಕೆಂಬ ಕಟ್ಟುಪಾಡೂ ಅದರ ಜೊತೆಗಿದೆ, ಅದು ಸರಿಯೂ ಹೌದು.

• ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಕುಟುಂಬದ ಕಾಯಿಲೆಗಳ ಪಟ್ಟಿಯಲ್ಲಿ ಅಪ್ಪನ ಕಡೆಯದನ್ನು ಹೊಡೆದುಹಾಕಿ “ಗೊತ್ತಿಲ್ಲ” ಎಂದು ಬರೆಸು. ಅಪ್ಪನ ಮನೆಯಲ್ಲಿ ಎಲ್ಲರಿಗೂ ಐವತ್ತಕ್ಕೇ ಹೃದಯಾಘಾತ ಎಂದು ಹೆದರಿ ಬದುಕಿದ್ದರೆ ಆ ರಕ್ತದ ಭಾರ ನಿನ್ನದಲ್ಲ. (ಅವರ ಮನೆಯ ತುಪ್ಪ ತಿಂದು ಬೆಳೆದದ್ದು ಮಾತ್ರ ನಿನ್ನದೇ.) ಕಿಟ್ಟಿನ ಆರೋಗ್ಯ ವರದಿ ಆಯ್ದ ಕೆಲವು ಬದಲಾವಣೆಗಳನ್ನಷ್ಟೇ ನೋಡುತ್ತದೆ. ಅದರಲ್ಲಿ ಏನೂ ಇಲ್ಲವೆಂದರೆ ಅಪಾಯವೇ ಇಲ್ಲವೆಂದಲ್ಲ, ಏನೋ ಇದೆ ಎಂದರೆ ಆಸ್ಪತ್ರೆಯ ಲ್ಯಾಬಿನಲ್ಲಿ ಖಚಿತ ಮಾಡಿಕೊಳ್ಳಬೇಕು. ಅಮೆರಿಕದ 2008ರ ಜೀನಾ ಕಾಯ್ದೆ ಆರೋಗ್ಯ ವಿಮೆಯಲ್ಲೂ ನೌಕರಿಯಲ್ಲೂ ವಂಶವಾಹಿಯ ಕಾರಣಕ್ಕೆ ಭೇದ ಮಾಡದಂತೆ ರಕ್ಷಣೆ ಕೊಡುತ್ತದೆ, ಜೀವವಿಮೆಗೆ ಕೊಡುವುದಿಲ್ಲ.

• ಆಸ್ತಿಯ ಭಯ ಬೇಡ. ಭಾರತೀಯ ಸಾಕ್ಷ್ಯ ಅಧಿನಿಯಮದ 116ನೆಯ ಕಲಮು, ಅಂದರೆ ಹಳೆಯ ಸಾಕ್ಷ್ಯ ಕಾಯ್ದೆಯ 112, ಹೇಳುವುದೇ ಹೀಗೆ: ಮದುವೆ ಊರ್ಜಿತದಲ್ಲಿರುವಾಗ ಹುಟ್ಟಿದ ಮಗು ಆ ಗಂಡನದೇ. ಗಂಡಹೆಂಡಿರು ಕೂಡುವ ಅವಕಾಶವೇ ಇರಲಿಲ್ಲವೆಂದು ರುಜುವಾತು ಮಾಡದ ಹೊರತು ಅದನ್ನು ಅಲ್ಲಗಳೆಯಲಾಗದು. 2025ರ ಜನವರಿಯಲ್ಲಿ ಕೇರಳದಿಂದ ಬಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿದು, ಇನ್ನೊಬ್ಬನನ್ನು ಡಿಎನ್‌ಎ ಪರೀಕ್ಷೆಗೆ ಎಳೆಯಲು ಬಿಡಲಿಲ್ಲ. ಮೇಲೆ ಹೇಳಿದ 2021ರ ಕಾಯ್ದೆಯಲ್ಲೂ ವೀರ್ಯ ಕೊಟ್ಟವನಿಗೆ ಮಗುವಿನ ಮೇಲೆ ಹಕ್ಕಿಲ್ಲ. ಮನೆಯಲ್ಲೇ ಉಗುಳಿ ಕಳಿಸಿದ ಕಿಟ್ಟಿನಲ್ಲಿ ಉಗುಳು ಯಾರದೆಂದು ಕಂಡವರೇ ಇಲ್ಲ, ಕೋರ್ಟಿನಲ್ಲಿ ಅದಕ್ಕೆ ಬೆಲೆಯಿಲ್ಲ. ಆದರೂ ದಾಯಾದಿಗಳ ಕಣ್ಣಿಗೆ ಬೀಳುವ ಹಾಗೆ ಎಲ್ಲೆಡೆ ಇಟ್ಟುಕೊಳ್ಳಬೇಡ. ತಕರಾರು ಎದ್ದರೆ ಒಳ್ಳೆಯ ವಕೀಲರನ್ನು ಕಾಣು.

• “ದೊಡ್ಡಮ್ಮ, ಸಂಕಲ್ಪದಲ್ಲಿ ಯಾವ ಗೋತ್ರ ಹೇಳಲಿ? ಯಾರ ತಿಥಿ ಮಾಡಲಿ?” ನಗಬೇಡಿ, ಈ ಪ್ರಶ್ನೆ ಕೇಳುವಾಗ ಆಳೆತ್ತರದ ಗಂಡಸರ ಗಂಟಲು ಕಟ್ಟಿದ್ದನ್ನು ಕಂಡಿದ್ದೇನೆ. ಇಷ್ಟು ದಿನ ಹೇಳಿದ ಗೋತ್ರವನ್ನೇ ಹೇಳು, ಬೆಳೆಸಿದವರ ತಿಥಿಯನ್ನೇ ಮಾಡು. ಇದು ನನ್ನ ಉದಾರತೆಯಲ್ಲ, ಹಳೆಯ ಶಾಸ್ತ್ರದಲ್ಲೇ ಇರುವುದು. ಮನುಸ್ಮೃತಿ ಹನ್ನೆರಡು ಬಗೆಯ ಮಕ್ಕಳನ್ನು ಎಣಿಸುತ್ತದೆ. ಅದರಲ್ಲಿ ಗೂಢೋತ್ಪನ್ನ ಎಂದರೆ ಮನೆಯಲ್ಲಿ ಹುಟ್ಟಿ, ಯಾರಿಗೆ ಹುಟ್ಟಿದ್ದೆಂದು ತಿಳಿಯದ ಮಗು. ಅದು ತಾಯಿಯ ಗಂಡನದೇ ಎಂದು ತೀರ್ಮಾನ. ದತ್ತುಮಗನಿಗೂ ಹೆತ್ತವನ ಗೋತ್ರವಿಲ್ಲ, ಪಡೆದವನದೇ. ಮನುವಿನ ಎಷ್ಟೋ ಮಾತು ನನಗೆ ಹಿಡಿಸದು, ಇಲ್ಲಿ ಮಾತ್ರ ಅವನು ನಮ್ಮ ಕೂಟದ ಕೆಲವು ಹಿರಿಯರಿಗಿಂತ ಮೃದುವಾಗಿದ್ದಾನೆ. ಮನೆದೇವರಿಗೆ ನಡೆದುಕೊಳ್ಳುವವರು, ಎಡೆ ಇಡುವವರು ಅದನ್ನೂ ಹಾಗೆಯೇ ಮುಂದುವರಿಸಬಹುದು.

ಭೈರಪ್ಪನವರ ‘ವಂಶವೃಕ್ಷ’ ಓದಿದ್ದೀಯಲ್ಲ? ವಂಶವನ್ನೇ ಉಸಿರಾಗಿಸಿಕೊಂಡ ಶ್ರೀನಿವಾಸ ಶ್ರೋತ್ರಿಯರಿಗೆ ತಾವು ಆ ವಂಶದ ರಕ್ತದವರಲ್ಲವೆಂದು ಮುಪ್ಪಿನಲ್ಲಿ ತಿಳಿಯುತ್ತದೆ. ಅವರು ಆಸ್ತಿ ಬಿಟ್ಟು ಸನ್ಯಾಸಕ್ಕೆ ಹೊರಡುತ್ತಾರೆ. ಕಾದಂಬರಿಗೆ ಅದು ಸರಿ. ನೀನು ಸುದ್ದಿ ತಿಳಿದ ವರ್ಷದಲ್ಲಿ ಕೆಲಸ ಬಿಡುವುದು, ಮನೆ ಮಾರುವುದು, ಹೆಸರು ಬದಲಿಸುವುದು, ವಿಚ್ಛೇದನ ಯಾವುದನ್ನೂ ಮಾಡಬೇಡ.

• ಕನ್ನಡಿ ನೋಡಿದಾಗ ಈ ಮೂಗು ಯಾರದು ಅನ್ನಿಸುತ್ತದೆ, ನಿದ್ದೆ ಹೋಗುತ್ತದೆ, ಯಾರೂ ಸತ್ತಿಲ್ಲದಿದ್ದರೂ ಸೂತಕದ ಹಾಗಿರುತ್ತದೆ. ಕೆಲವು ತಿಂಗಳು ಹೀಗಿರುವುದು ಸಹಜ. ಊಟ ಸೇರದೆ, ಬದುಕೇ ಬೇಡವೆನ್ನಿಸಿದರೆ ತಡಮಾಡಬೇಡ. ಭಾರತದಲ್ಲಾದರೆ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡು, ಕನ್ನಡದಲ್ಲೇ ಮಾತಾಡಬಹುದು. ಅಮೆರಿಕದಲ್ಲಾದರೆ 988. ಥೆರಪಿಸ್ಟ್ ಹತ್ತಿರ ಹೋಗುವುದಾದರೆ ದತ್ತು ಅಥವಾ ದಾನಿ ಹುಟ್ಟಿನ ವಿಷಯ ಬಲ್ಲವರನ್ನು ಹುಡುಕು, ಇಲ್ಲದಿದ್ದರೆ ನಮ್ಮ ಕೂಡುಕುಟುಂಬ ವಿವರಿಸುವುದರಲ್ಲೇ ಮೂರು ಗಂಟೆ ಕಳೆದುಹೋಗುತ್ತದೆ.

• ಕೆಲಸ ಮುಗಿದ ಮೇಲೆ ದತ್ತಾಂಶ ಇಳಿಸಿಕೊಂಡು, ಬೇಡವಾದರೆ ಖಾತೆ ಅಳಿಸು. ಇಂಥ ಕಿಟ್ ಮಾರುವ 23ಆಂಡ್‌ಮಿ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ವಿವರ ಸೋರಿತು. 2025ರ ಮಾರ್ಚ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿ, ಬಳಿಕ ಕೈ ಬದಲಾಯಿತು.

• ಕೊನೆಯದು ಮಕ್ಕಳಿಗಲ್ಲ, ದಾನಿಯ ನೆರವಿನಿಂದ ಮಗು ಪಡೆದ ಅಪ್ಪ ಅಮ್ಮಂದಿರಿಗೆ. ನಿಮ್ಮ ಮಗು ಉಗುಳದಿದ್ದರೂ ದಾನಿಯ ಅಣ್ಣನ ಮಗಳು ಉಗುಳುತ್ತಾಳೆ. ಆಮೇಲೆ ನಿಮ್ಮ ಮಗುವೋ ಮೊಮ್ಮಗುವೋ ಒಂದು ಕಿಟ್ ತರಿಸಿದರೆ ಮುಗಿಯಿತು. ಗುಟ್ಟು ಇನ್ನು ನಿಮ್ಮ ಕೈಯಲ್ಲಿಲ್ಲ. ಬ್ರಿಟನ್ನಿನಲ್ಲಿ 2005ರ ಏಪ್ರಿಲ್ ನಂತರದ ದಾನಿಗಳ ಹೆಸರನ್ನು ಮಗು 18 ತುಂಬಿದ ಮೇಲೆ ಕೇಳಿ ಪಡೆಯಬಹುದು. ಕೇಂಬ್ರಿಡ್ಜಿನ ಸೂಸನ್ ಗೊಲೊಂಬೊಕ್ ತಂಡ ಇಂಥ ಕುಟುಂಬಗಳನ್ನು ಮಗುವಿನ ಹಸುಗೂಸುತನದಿಂದ 20ನೆಯ ವಯಸ್ಸಿನವರೆಗೆ ಗಮನಿಸಿ, 7 ವರ್ಷದೊಳಗೆ ತಿಳಿದ ಮಕ್ಕಳು ಹೆಚ್ಚು ನೆಮ್ಮದಿಯಾಗಿದ್ದಾರೆಂದು 2023ರಲ್ಲಿ ವರದಿ ಮಾಡಿತು. ನಾಲ್ಕೈದು ವರ್ಷದ ಮಗುವಿಗೆ “ನಮಗೆ ಪಾಪು ಬೇಕಿತ್ತು, ಆಗಲಿಲ್ಲ. ಡಾಕ್ಟರು ಇನ್ನೊಬ್ಬರ ಹತ್ತಿರ ಒಂದು ಪುಟ್ಟ ಬೀಜ ಈಸಿಕೊಂಡು ಕೊಟ್ಟರು, ನೀನು ಬಂದೆ” ಎಂದರೆ ಅದು “ಹೂಂ” ಅಂದು ಆಟಕ್ಕೆ ಓಡುತ್ತದೆ. ಮಗನಿಗೆ ಈಗಾಗಲೇ ಮೂವತ್ತಾಗಿದ್ದರೆ ದೀಪಾವಳಿಗೆ ಬಂದಾಗ ಹೇಳಿ, ಆದರೆ ಹಬ್ಬದ ದಿನ ಬೇಡ, ಮಾರನೆಯ ದಿನ. ಇಬ್ಬರೂ ಒಟ್ಟಿಗೆ ಕೂತು ಹೇಳಿ. ಆಸ್ಪತ್ರೆಯ ಚೀಟಿ, ಡಾಕ್ಟರ ಹೆಸರು, ವರ್ಷ, ಏನು ಉಳಿದಿದೆಯೋ ಅದನ್ನೆಲ್ಲ ಒಂದು ಲಕೋಟೆಯಲ್ಲಿ ಹಾಕಿ ಅವನ ಕೈಗೆ ಕೊಡಿ.